ಅಪ್‌ಡೇಟ್: ಏರ್ ಪಿಸ್ತೂಲಿನ ಪೆಲೆಟ್ ಚದುರುತ್ತಿದ್ದದ್ದು ಸರಿಯಾಯ್ತು

10 ಮೀಟರ್ ಅಭ್ಯಾಸದಲ್ಲಿ ನನ್ನ 4.5 ಮಿ.ಮೀ. ಪೆಲೆಟ್‌ಗಳು (ಸೀಸದ ಪುಟ್ಟ ಗುಂಡುಗಳು) ಗುರಿ ಹಾಳೆ ತುಂಬ ಚದುರುತ್ತವೆ ಅಂತ ಹೋದ ವಾರ ಕೇಳಿದ್ದೆನಲ್ಲ, ಸರಿಯಾಯ್ತು ಮಾರಾಯ್ರೆ! ಗುರಿ ಹಿಡಿಯುವ ಸೈಟ್‌ನ ತಿರುಪು ತಿರುಗಿಸಿದಾಗ ತೂತುಗಳ ಗುಂಪು ಆಚೀಚೆ ಸರಿಯಿತೇ ಹೊರತು ಕಿರಿದಾಗಲಿಲ್ಲ. ನಳಿಗೆ ಒರೆಸಿದ್ದರಿಂದಲೂ ಹೆಚ್ಚೇನಿಲ್ಲ. "ಮೊದಲು ಪೆಲೆಟ್ ಡಬ್ಬಿ ನೋಡಿ" ಅಂತ ಆಗ ಉತ್ತರ ಕೊಟ್ಟ ಉಡುಪಿಯವರೊಬ್ಬರ ಮಾತೇ ನಿಜ. ಸುರತ್ಕಲ್‌ನಲ್ಲಿ ನಮ್ಮ ಮನೆ ಕಡಲಿಗೆ ಹತ್ತಿರ, ಗಾಳಿಯಲ್ಲಿ ತೇವ ಜಾಸ್ತಿ. ಎರಡು ಮಳೆಗಾಲ ಕಪಾಟಿನಲ್ಲಿದ್ದ ಸೀಸದ ಪೆಲೆಟ್‌ಗಳ ಮೇಲೆ ಬಿಳಿ ಪುಡಿ ಕೂತಿತ್ತು. ಹೊಸ ಡಬ್ಬಿ ತೆಗೆದೆ, ಐದಕ್ಕೆ ಐದೂ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಿದ್ದವು.

ಗೊತ್ತಿಲ್ಲದಿದ್ದ ವಿಷಯವೊಂದುಂಟು: ಆ ಬಿಳಿ ಪುಡಿಯಲ್ಲೂ ಸೀಸವೇ ಇರುವುದು, ವಿಷ. ದಯವಿಟ್ಟು ಊದಿ ಹಾರಿಸಬೇಡಿ. ಈಗ ಪೆಲೆಟ್‌ಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡುತ್ತೇನೆ, ಅಭ್ಯಾಸ ಮುಗಿದ ಕೂಡಲೇ ಸೋಪು ಹಾಕಿ ಕೈ ತೊಳೆಯುತ್ತೇನೆ.