ಇಕ್ಕೇರಿ ಕಾದಂಬರಿ ಓದಿದವ್ರೆಲ್ಲ ಬನ್ನಿ, ಲೇಖಕಿ ಇಲ್ಲೇ ಇದಾರೆ, ಗೇರುಸೊಪ್ಪೆ ರಾಣಿ ಪ್ರೇಮಕಥೆ ಯಾಕೆ ಬಿಟ್ರು ಅಂತ ಕೇಳೋಣ

ಸಾಗರದ ಓದುಗಿ:
ಮೇಡಂ ನಮಸ್ಕಾರ. ನಮ್ಮೂರು ಸಾಗರ, ಇಕ್ಕೇರಿ ಅಘೋರೇಶ್ವರ ದೇವಸ್ಥಾನಕ್ಕೆ ಸ್ಕೂಲ್ ಪಿಕ್ನಿಕ್ಕಿಂದ ಹಿಡಿದು ನೆಂಟರನ್ನ ಕರ್ಕೊಂಡು ಹೋಗೋವರೆಗೂ ಎಷ್ಟು ಸಲ ಹೋಗಿದೀನೋ ಲೆಕ್ಕ ಇಲ್ಲ, ಆದ್ರೆ ಅದರ ಸುತ್ತ ಒಂದು ದೊಡ್ಡ ರಾಜಧಾನಿ ಇತ್ತು, ಬೀದಿ ತುಂಬ ಜನ ಇದ್ರು ಅಂತ ನಿಮ್ಮ ಪುಸ್ತಕ ಓದೋವರೆಗೂ ತಲೇಲೇ ಕೂತಿರ್ಲಿಲ್ಲ. ಥ್ಯಾಂಕ್ಸ್. ಈಗ ಜಗಳ. ಗೇರುಸೊಪ್ಪೆ ರಾಣಿ ಯಾರೋ ಪರಊರಿನವನ್ನ ಪ್ರೀತಿಸಿ ರಾಜ್ಯನೇ ಕಳ್ಕೊಂಡ್ಳು ಅಂತ ಕಥೆ ಇದ್ಯಲ್ಲ, ಅಂಥ ಮಸ್ತ್ ಲವ್ ಸ್ಟೋರಿ ಕೈಗೆ ಸಿಕ್ಕಿದ್ರೂ ಅಜ್ಜಿ ಬಾಯಲ್ಲಿ ಎರಡು ಸಾಲು ಹೇಳ್ಸಿ ಬಿಟ್ಬಿಟ್ರಲ್ಲ ಯಾಕೆ? ಆಮೇಲೆ ಕಥೇಲಿ ಬರೋ ಆ ಇಟಲಿಯವ್ನು ನಿಜವಾಗ್ಲೂ ಇದ್ನಾ ಅಥ್ವಾ ನಿಮ್ಮ ಕಲ್ಪನೆನಾ? ಮೂರನೇದು, ಸ್ವಲ್ಪ ಸಂಕೋಚ ಆಗುತ್ತೆ ಕೇಳೋಕೆ, ದುಭಾಷಿ ಹುಡುಗ ಮತ್ತೆ ಮೆಣಸಿನ ವ್ಯಾಪಾರಿ ಮಗಳು ಅಷ್ಟು ದಪ್ಪ ಪುಸ್ತಕದಲ್ಲಿ ಕೈ ಹಿಡ್ಕೊಳ್ಳೋದು ಒಂದೇ ಒಂದ್ಸಲ, ಇದು ನ್ಯಾಯನಾ?

ಲೇಖಕಿ:
ನಮಸ್ಕಾರ, ಸಾಗರದವ್ರೇ ಓದಿ ಬೈತಿದೀರ ಅಂದ್ರೆ ನಂಗೆ ಖುಷಿನೇ.

ಇಟಲಿಯವ್ನು ನೂರಕ್ಕೆ ನೂರು ನಿಜ. ಪಿಯೆತ್ರೊ ದೆಲ್ಲಾ ವಾಲೆ ಅಂತ, ರೋಮ್ ನಗರದ ದೊಡ್ಡ ಮನೆತನದವ್ನು. 1623ರ ಕೊನೇಲಿ ಗೋವಾದ ಪೋರ್ಚುಗೀಸರು ಇಕ್ಕೇರಿ ಆಳ್ತಿದ್ದ ಕೆಳದಿ ಮನೆತನದ ವೆಂಕಟಪ್ಪ ನಾಯಕನ ಹತ್ರ ಒಬ್ಬ ರಾಯಭಾರಿನ ಕಳಿಸ್ತಾರೆ, ಮಂಗಳೂರು ಕಡೆ ಬಂಗರಸನ ರಾಜ್ಯನ ನಾಯಕ ಕಿತ್ಕೊಂಡಿದ್ದ ಅದರ ತಕರಾರು, ಜೊತೆಗೆ ಮೆಣಸಿನ ವ್ಯವಹಾರ, ಆ ತಂಡದ ಜೊತೆ ಇವನು ಸುಮ್ನೆ ಊರು ನೋಡೋಕೆ ಅಂತ ಬರ್ತಾನೆ. ಹೊನ್ನಾವರದಿಂದ ದೋಣೀಲಿ ಶರಾವತಿ ಮೇಲೆ ಗೇರುಸೊಪ್ಪೆವರೆಗೆ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿ. ಕಂಡಿದ್ದನ್ನೆಲ್ಲ ನೇಪಲ್ಸ್‌ನಲ್ಲಿದ್ದ ಗೆಳೆಯನಿಗೆ ಕಾಗದ ಬರೆದ. ಸಾಯಂಕಾಲ ಇಕ್ಕೇರಿ ಬೀದೀಲಿ ಹುಡ್ಗೀರು ತಲೆ ತುಂಬ ಹೂ ಮುಡ್ಕೊಂಡು, ಗೇಣುದ್ದದ ಬಣ್ಣದ ಕೋಲು ಎರಡೂ ಕೈಲಿ ಹಿಡ್ಕೊಂಡು ತಾಳಕ್ಕೆ ಹೊಡೀತಾ ಸುತ್ತು ಹಾಕ್ತಿದ್ರು, "ಕೋಲೆ ಕೋಲೆ" ಅಂತ ಹಾಡ್ತಿದ್ರು ಅಂತ ಬರ್ದಿದಾನೆ ನೋಡಿ. ನಾನೂರು ವರ್ಷದ ಹಿಂದೆ ಯಾವನೋ ರೋಮಿನವ್ನ ಕಿವೀಗೆ ನಮ್ಮ ಕೋಲಾಟದ ಪಲ್ಲವಿ ಬಿದ್ದಿದೆ! ನನ್ನ ನಾಯಕಿ ಆ ಗುಂಪಲ್ಲಿ ಮೂರನೇಯವ್ಳು, ಪುಸ್ತಕ ಶುರುವಾಗಿದ್ದೇ ಅಲ್ಲಿಂದ.

ಈಗ ರಾಣಿ ವಿಷ್ಯ. ನೀವು ಕೇಳಿರೋ ಆ ಕಥೆ ಬರ್ದಿರೋನೂ ಇವನೇ. ಗೇರುಸೊಪ್ಪೇಲಿ ಹಾಳುಬಿದ್ದ ಅರಮನೆ ನೋಡಿ, ಇಲ್ಲಿ ಹಿಂದೆ ರಾಣಿಯರು ಆಳ್ತಿದ್ರು, ಕೊನೇ ರಾಣಿ ಕೀಳುಕುಲದ ಪರದೇಶಿ ಒಬ್ಬನಿಗೆ ಮನಸ್ಸು ಕೊಟ್ಟು ರಾಜ್ಯಾನೂ ಅವನ ಕೈಗೆ ಕೊಟ್ಳು, ಅವನು ತಿರುಗಿಬಿದ್ದ, ಕೊನೆಗೆ ವೆಂಕಟಪ್ಪ ನಾಯಕ ಬಂದು ಎಲ್ಲಾ ನುಂಗಿದ ಅಂತ. ರಾಣಿ ಹೆಸರು ಹೇಳಲ್ಲ, ಆದ್ರೆ ಕೊನೇ ರಾಣಿ ಅಂದ್ರೆ ಚೆನ್ನಭೈರಾದೇವಿನೇ, ಪೋರ್ಚುಗೀಸರು ಮೆಣಸಿನ ರಾಣಿ ಅಂತಿದ್ರಲ್ಲ ಅವ್ಳೇ. ಸ್ವಲ್ಪ ಲೆಕ್ಕ ಹಾಕಿ. ಅವಳ ಆಳ್ವಿಕೆ 1552ರಿಂದ 1606, ಐವತ್ನಾಲ್ಕು ವರ್ಷ. ಚಿಕ್ಕ ಹುಡುಗಿಯಾಗಿದ್ದಾಗ್ಲೇ ಪಟ್ಟಕ್ಕೆ ಬಂದ್ಳು ಅಂದ್ಕೊಂಡ್ರೂ ರಾಜ್ಯ ಹೋಗೋ ಹೊತ್ತಿಗೆ ಅರವತ್ತು ದಾಟಿರುತ್ತೆ. ಅರವತ್ತರಲ್ಲಿ ಪ್ರೀತಿ ಆಗ್ಬಾರ್ದು ಅಂತಲ್ಲ, ಆಗ್ಲಿ ಪಾಪ, ಆದ್ರೆ ಈ ಕಥೆ ಅವನಿಗೆ ಹೇಳ್ದೋರು ಯಾರು, ಯಾವಾಗ? ರಾಜ್ಯ ಬಿದ್ದು ಹದಿನೇಳು ವರ್ಷ ಆದ್ಮೇಲೆ, ಗೆದ್ದವನ ಸೀಮೇಲಿ, ಗೆದ್ದವನ ಆಸ್ಥಾನಕ್ಕೆ ಹೊರಟಿರೋ ತಂಡದ ಜನ. ಐವತ್ತು ವರ್ಷ ಪೋರ್ಚುಗೀಸರ ಜೊತೆ ಜಗ್ಗಾಡಿ ಮೆಣಸು ಮಾರಿದ ಹೆಂಗಸು ಸೋತ್ಳು ಅಂದ್ರೆ ಅದಕ್ಕೊಬ್ಬ ಗಂಡಸೇ ಕಾರಣ ಆಗಿರ್ಬೇಕು ಅನ್ನೋ ಕಥೆ ಇದು. ಅದನ್ನ ನಾನು ಮುನ್ನೂರು ಪುಟ ಹಿಗ್ಗಿಸಿದ್ರೆ ಆ ಗಾಸಿಪ್ಪಿಗೆ ನಾನೂ ಒಂದು ಕೈ ಹಾಕಿದ ಹಾಗೆ. ಅಜ್ಜಿ ಬಾಯಲ್ಲಿ ಹೇಳ್ಸಿದ್ದು ಅದಕ್ಕೇ, ಆ ಅಜ್ಜಿ ಊರವ್ರೆಲ್ಲರ ಮೇಲೂ ಇಂಥದ್ದೇ ಹೇಳ್ತಾಳೆ ಅನ್ನೋದು ನಿಮಗೆ ನೆನಪಿರ್ಬಹುದು.

ಕೈ ಹಿಡಿಯೋದು ಒಂದೇ ಸಲ ಅಂತ ಕಂಪ್ಲೇಂಟ್ ಮಾಡಿದ್ರಿ. ತುಂಬು ಮನೆ, ಅಂಗಳದ ತುಂಬ ಆಳುಗಳು, ಹುಡುಗ ಬೇರೆ ಸೀಮೆಯವ್ನು, ಅದೂ ಫರಂಗಿಯವರ ಜೊತೆ ಬಂದವ್ನು. ಇವರಿಗೆ ಏಕಾಂತ ಎಲ್ಲಿಂದ ತರ್ಲಿ ಹೇಳಿ. ಅದಕ್ಕೇ ಆ ಒಂದ್ಸಲಕ್ಕೆ ನಾಲ್ಕು ಪುಟ ಕೊಟ್ಟಿದೀನಿ.

ಅಡುಗೆಮನೆ ಇತಿಹಾಸ:
ಅಕ್ಕ ನಂದು ಸಿಂಪಲ್ ಪ್ರಶ್ನೆ, ಊಟದ ಸೀನ್ ಅಷ್ಟಿದ್ರೂ ಒಂದು ಕಡೆನೂ ಮೆಣಸಿನಕಾಯಿ ಇಲ್ಲ, ಬೇಕಂತ್ಲೇನಾ? ಮತ್ತೆ ಕವರ್ ಪೇಜಲ್ಲಿ ಹುಡುಗಿ ಪಫ್ ಸ್ಲೀವ್ ಬ್ಲೌಸ್ ಹಾಕಿದಾಳಲ್ಲ 😄

ಲೇಖಕಿ:
ಬೇಕಂತ್ಲೇ. ಮೆಣಸಿನಕಾಯಿ ಅಮೆರಿಕ ಕಡೆಯದ್ದು, ಪೋರ್ಚುಗೀಸರ ಹಡಗಲ್ಲಿ ಬಂದಿದ್ದು, ಕರಾವಳಿಗೆ ಅಷ್ಟೊತ್ತಿಗೆ ಬಂದಿತ್ತು ಅಂದ್ರೂ ಮೆಣಸಿನ ವ್ಯಾಪಾರಿ ಮನೇಲಿ ಖಾರಕ್ಕೆ ಮನೆ ಬಳ್ಳಿ ಕಾಳುಮೆಣಸು ಬಿಟ್ಟು ಬೇರೆ ಯಾಕೆ ಹಾಕ್ತಾರೆ. ಟೊಮೇಟೊ, ಆಲೂಗಡ್ಡೆ, ಕಾಫಿ ಯಾವುದೂ ಇಲ್ಲ. ತಂಬುಳಿ, ಕಳಲೆ, ಪತ್ರೊಡೆ, ಅಪ್ಪೆಮಿಡಿ ಇರುವಾಗ ಏನ್ ಕಡಿಮೆ. ಕೆಳದಿ ಬಸವಪ್ಪ ನಾಯಕನ ಶಿವತತ್ತ್ವರತ್ನಾಕರ ಅಂತ ದೊಡ್ಡ ಸಂಸ್ಕೃತ ಗ್ರಂಥ ಇದೆ, 1709ರದ್ದು, ಸ್ವಲ್ಪ ಈಚಿನದು, ಆದ್ರೂ ಅಡುಗೆ ವಿಷ್ಯದಿಂದ ಹಿಡಿದು ಏನ್ ಬೇಕಾದ್ರೂ ಸಿಗುತ್ತೆ ಅದ್ರಲ್ಲಿ.

ಕವರ್ ಬಗ್ಗೆ ನಂಗೇನೂ ಕೇಳ್ಬೇಡಿ. ಪ್ರಿಂಟ್ ಆಗಿ ಕೈಗೆ ಬಂದ್ಮೇಲೇ ನಾನೂ ನೋಡಿದ್ದು.

ರಾತ್ರಿ ಪಾಳಿ:
ನಾನು ಒಂದು ನೇರ ಮಾತು ಹೇಳ್ತೀನಿ ಬೇಜಾರು ಮಾಡ್ಕೋಬೇಡಿ ಮೇಡಂ. ನೈಟ್ ಶಿಫ್ಟ್ ಮಧ್ಯೆ ಮನಸ್ಸು ಹಗುರ ಆಗ್ಲಿ ಅಂತ ರೊಮ್ಯಾನ್ಸ್ ಓದೋದು ನಾನು, ಚೆನ್ನಾಗಿ ಹೋಗ್ತಾ ಇತ್ತು, ನಡುವೆ ಆ ಸತಿ ಹೋಗೋ ಹೆಂಗಸನ್ನ ತಂದು ಇಟ್ರಿ, ಪುಸ್ತಕ ಮುಚ್ಚಿಟ್ಟು ಎರಡು ದಿನ ತೆಗೀಲೇ ಇಲ್ಲ. ಅದು ಬೇಕಿತ್ತಾ?

ಲೇಖಕಿ:
ಬೇಜಾರಿಲ್ಲ, ತುಂಬಾ ಜನ ಕೇಳಿರೋದೇ ಇದು. ನನ್ನ ಮಟ್ಟಿಗೆ ಅದಿಲ್ದೇ ಪುಸ್ತಕಾನೇ ಇಲ್ಲ, ಯಾಕೆ ಅಂತ ಹೇಳ್ತೀನಿ.

ಆ ಹೆಂಗಸು ನಿಜ. ಇಕ್ಕೇರೀಲಿ ಆ ನವೆಂಬರ್ ತಿಂಗಳಲ್ಲಿ ದೆಲ್ಲಾ ವಾಲೆ ನೋಡಿದ್ದು. ಅವನು ಬರೆದಿರೋ ಹೆಸರು ಜಕ್ಕಮ್ಮ ಅಂತ ಓದ್ಕೋಬಹುದು, ತೆಲುಗಿನವ್ಳು, ಗಂಡ ನಗಾರಿ ಬಾರಿಸೋನು, ಸತ್ತುಹೋಗಿದ್ದ. ಅವಳು ಕುದುರೆ ಮೇಲೆ ಕೂತು ಊರು ಸುತ್ತುತಿದ್ದಾಳೆ, ಮುಖ ಮುಚ್ಚಿಲ್ಲ, ಒಂದು ಕೈಲಿ ಕನ್ನಡಿ, ಇನ್ನೊಂದು ಕೈಲಿ ನಿಂಬೆಹಣ್ಣು, ಕನ್ನಡಿ ನೋಡ್ಕೊಂಡೇ ಹೋಗ್ತಿದ್ದಾಳೆ, ಹಿಂದೆ ವಾದ್ಯದವ್ರು. ಇವನು ಆಮೇಲೆ ಅವಳ ಮನೇಗೇ ಹೋಗಿ ದುಭಾಷಿ ಇಟ್ಕೊಂಡು ಮಾತಾಡಿದ, ಬೇಡ ಕಣಮ್ಮ, ಮಕ್ಕಳಿನ್ನೂ ಚಿಕ್ಕವು ಅಂತ. ಅವಳು ನಗನಗ್ತಾನೇ ಮಾತಾಡಿದ್ಳು, ಒಪ್ಪಲಿಲ್ಲ. ಅವಳ ಬೇರೆ ಸವತಿಯರು ಯಾರೂ ಹೊರಟಿರ್ಲಿಲ್ಲ ಅನ್ನೋದನ್ನೂ ಬರ್ದಿದಾನೆ.

ಬೇಡ ಅಂದವನ ಕಥೆ ಕೇಳಿ ಈಗ. ಅವನ ಹೆಂಡ್ತಿ ಮಾನಿ, ಬಾಗ್ದಾದ್ ಹುಡುಗಿ, ಪ್ರೀತಿಸಿ ಮದ್ವೆ ಆಗಿದ್ದ, 1621ರ ಕೊನೇಲಿ ಪರ್ಷಿಯಾದಲ್ಲಿ ತೀರ್ಕೊಂಡ್ಳು. ಅಲ್ಲೇ ಮಣ್ಣು ಮಾಡೋಕೆ ಮನಸ್ಸಾಗ್ದೆ ಹೆಣಕ್ಕೆ ಕರ್ಪೂರ ಹಾಕ್ಸಿ ಪೆಟ್ಟಿಗೇಲಿಟ್ಟು, ನಾವಿಕರಿಗೆ ಗೊತ್ತಾದ್ರೆ ಹಡಗು ಹತ್ತಿಸ್ಕೊಳ್ಳಲ್ಲ ಅಂತ ಸಾಮಾನಿನ ಮಧ್ಯೆ ಬಚ್ಚಿಟ್ಟು, ಭಾರತಕ್ಕೆ ತಂದ, ಇಲ್ಲಿಂದ ರೋಮಿಗೂ ಒಯ್ದ. ಮಣ್ಣಾಗಿದ್ದು ಅಲ್ಲೇ. ಸತ್ತ ಹೆಂಡ್ತೀನ ವರ್ಷಗಟ್ಟಲೆ ಬಿಡದೇ ಇರೋನು ಬಂದು ಇನ್ನೊಬ್ಬಳಿಗೆ ಸತ್ತ ಗಂಡನ್ನ ಬಿಟ್ಬಿಡು ಅಂತಾನೆ. ನಾನು ಕಲ್ಪಿಸಿ ಬರ್ದಿದ್ರೆ ನೀವೇ ಇದು ಟೂ ಮಚ್ ಅಂತಿದ್ರಿ.

ಅವನ ಮನಸ್ಸು ಅವನೇ ಬರ್ದಿದಾನೆ, ಅವಳಿಗೆ ಮಾತು ಕೊಟ್ಟ ಹಾಗೆ ಅವಳ ಮೇಲೆ ಕವಿತೇನೂ ಬರ್ದ. ಮಧ್ಯೆ ಕೂತು ಇವನದ್ದು ಅವಳಿಗೆ ಅವಳದ್ದು ಇವನಿಗೆ ದಾಟಿಸಿದ ದುಭಾಷಿ ಮನೆಗೆ ಹೋಗಿ ಉಂಡನೋ ಇಲ್ವೋ ಯಾರೂ ಬರ್ದಿಲ್ಲ. ನನ್ನ ನಾಯಕ ಹುಟ್ಟಿದ್ದು ಆ ಜಾಗದಲ್ಲಿ. ನಾಯಕಿ ಅವನನ್ನ ಮೊದಲನೇ ಸಲ ಮಾತಾಡ್ಸೋದೂ "ಅವಳು ಹೇಳಿದ್ದನ್ನೆಲ್ಲ ಹೇಳಿದ್ಯಾ, ಬಿಟ್ಟಿದ್ದೇನಾದ್ರೂ ಇದ್ಯಾ" ಅಂತ ತಾನೆ? ಬೆಂಕಿ ನಾನು ತೋರಿಸಿಲ್ಲ, ಗಮನಿಸಿರ್ತೀರ. ಆ ಕೆಲಸ ಮಾಡೋ ಪುಸ್ತಕಗಳು ಬೇಕಾದಷ್ಟಿವೆ.

ರಾತ್ರಿ ಪಾಳಿ:
ಅಯ್ಯೋ ಆ ಹೆಣದ ಪೆಟ್ಟಿಗೆ ನಿಜನಾ!! ನಾನು ಅದೊಂದೇ ನೀವು ಸೇರಿಸಿದ್ದು ಅಂದ್ಕೊಂಡಿದ್ದೆ. ಆಮೇಲೆ ಅವನು ಒಂಟಿಯಾಗೇ ಉಳಿದ್ನಾ?

ಲೇಖಕಿ:
ಎಲ್ಲಿ ಬಂತು. ಜೊತೇಲಿದ್ದ ಜಾರ್ಜಿಯಾ ಹುಡುಗಿ ಮರಿಯುಚ್ಚಾನ ರೋಮಲ್ಲಿ ಮದ್ವೆ ಆದ, ಹದಿನಾಲ್ಕು ಮಕ್ಕಳು. ಮಾನಿ ಸಾಕಿ ಬೆಳೆಸಿದ ಹುಡುಗಿ ಅವ್ಳು, ಆ ಕಥೆ ಮಾತ್ರ ನಂಗೆ ಬೇಡಪ್ಪ.

ಸಾಗರದ ಓದುಗಿ:
ರಾಣಿ ವಿಷ್ಯ ಒಪ್ದೆ ಮೇಡಂ, ಅರ್ಧ ಒಪ್ದೆ. ಅರವತ್ತರ ರಾಣಿ ಲವ್ ಸ್ಟೋರಿನೂ ನಾನು ಓದ್ತಿದ್ದೆ 😅 ಮುಂದಿನ ಪುಸ್ತಕ ಯಾವ್ದು?

ಲೇಖಕಿ:
ಉಳ್ಳಾಲದ ರಾಣಿ. ಇಕ್ಕೇರಿ ಮುಗಿಸಿ ಕರಾವಳಿಗೆ ಇಳಿದಾಗ ದೆಲ್ಲಾ ವಾಲೆ ಅವಳನ್ನ ನೋಡಿದ್ದ, ಬರಿಗಾಲಲ್ಲಿ ಹೊಲದ ಕಡೆ ಓಡಾಡ್ತಾ ನೀರಿನ ಕಾಲುವೆ ಕೆಲಸ ಮಾಡಿಸ್ತಿದ್ಳಂತೆ, ನೋಡೋಕೆ ಅಡುಗೆಯವ್ಳ ಥರ, ಬಾಯಿ ಬಿಟ್ರೆ ರಾಣಿ. ಅವಳ ಗಂಡ ಆ ಬಂಗರಸ. ಇಬ್ಬರಿಗೂ ಸರಿ ಹೋಗ್ಲಿಲ್ಲ, ಪದ್ಧತಿ ಪ್ರಕಾರ ಒಡವೆ ವಾಪಸ್ ಕಳಿಸಿ ಸಂಬಂಧ ಕಡ್ಕೊಂಡ್ಳು, ಅವನು ಸಿಟ್ಟಿಗೆದ್ದು ನದೀಲಿ ಅವಳನ್ನ ಹಿಡಿಸ್ದ, ಅವಳು ಹೇಗೋ ಮಾತು ಕೊಟ್ಟು ಬಿಡಿಸ್ಕೊಂಡು ಬಂದು ವೆಂಕಟಪ್ಪ ನಾಯಕನ ದಂಡನ್ನೇ ಕರೆಸಿದ್ಳು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನೋ ಗಾದೆ ಆ ಮನೆಗೆ ಅನ್ವಯ ಆಗ್ಲಿಲ್ಲ. ಇದನ್ನೂ ಹೇಳ್ತಿರೋನು ಅದೇ ಗಾಸಿಪ್ ಪ್ರಿಯ ಇಟಲಿಯವ್ನೇ ಅಂತ ಈಗಾಗ್ಲೇ ನೀವು ಟೈಪ್ ಮಾಡ್ತಿರ್ತೀರ, ಗೊತ್ತು. ಆದ್ರೆ ಈ ಸಲ ಅವನು ರಾಣಿನ ಎದುರಿಗೆ ನಿಂತು ಮಾತಾಡ್ಸಿದಾನೆ. ಅರ್ಧ ಬರ್ದಾಗಿದೆ, ಇವ್ರಿಬ್ರೂ ಒಂದು ಕಾಲದಲ್ಲಿ ಪ್ರೀತಿ ಮಾಡಿದ್ರಾ ಇಲ್ವಾ ಅಂತ ಇನ್ನೂ ನಿರ್ಧಾರ ಮಾಡ್ತಿದೀನಿ.