ನೆರೆ ಬಂದರೆ ಮಾತ್ರೆ ಹಂಚುವುದು ಯಾರು, ಹೇಗೆ? ಮೆಡಿಕಲ್ ಅಕ್ಕನ ಹತ್ತಿರ ಕೇಳಿ

ಎಲ್ಲರಿಗೂ ನಮಸ್ಕಾರ. ಮಳೆಗಾಲಕ್ಕೆ ಮುಂಚಿನ ಪತ್ತನಾಜೆಯ ದಿನ ಕಳೆಯಿತು, ಇನ್ನು ಮಳೆಯದ್ದೇ ಮಾತು. ಹೋದ ವಾರ ವಾರ್ಡಿನ ಸಭೆಯಲ್ಲಿ ಒಬ್ಬರು ಎದ್ದು, "ನೆರೆ ಬಂದು ಜ್ವರ ಶುರುವಾದರೆ ಮನೆಮನೆಗೆ ಮದ್ದು ಮುಟ್ಟಿಸಲು ನಾವು ರೆಡಿ ಇದ್ದೇವಾ?" ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. 2020ರ ಸೆಪ್ಟೆಂಬರ್ 20ರಂದು ಕಲ್ಸಂಕ, ಬೈಲಕೆರೆ ಕಡೆ ಮನೆಯೊಳಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಆದರೆ ಆಮೇಲೆ ಮಾತ್ರೆ ಯಾರು ಕೊಟ್ಟರು, ಯಾರಿಗೆ ಸಿಗಲಿಲ್ಲ ಎಂದು ಕೇಳಿದರೆ ಮಾತ್ರ ಸಭೆಗೆ ಸಭೆಯೇ ಮೌನ.

ನಾನು ಉಡುಪಿಯಲ್ಲಿ ಮೆಡಿಕಲ್ ಇಟ್ಟುಕೊಂಡು 19 ವರ್ಷ ಆಯಿತು. ಫಾರ್ಮಸಿಸ್ಟ್, ಡಾಕ್ಟರ್ ಅಲ್ಲ. ಪ್ರಶ್ನೆ ಇದ್ದರೆ ಕೆಳಗೆ ಹಾಕಿ. ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಉತ್ತರ ಬರೆಯುತ್ತೇನೆ.

ಪ್ರಶ್ನೆ (ಯುವಕ ಮಂಡಲದ ಹುಡುಗ): ಅಕ್ಕ, ನೆರೆ ಇಳಿದ ಮೇಲೆ, ಇಲಿಯ ಮೂತ್ರ ಸೇರಿದ ನೀರು, ಕೆಸರಿನಿಂದ ಇಲಿಜ್ವರ ಬರುತ್ತದಲ್ಲ. ಅದು ಬಾರದಂತೆ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಕೊಡುತ್ತಾರೆ ಎಂದು ಗೊತ್ತು. ನಮ್ಮ ಮಂಡಲದಲ್ಲಿ ಸ್ವಲ್ಪ ದುಡ್ಡು ಉಂಟು. ಒಂದು ಸಾವಿರ ಮಾತ್ರೆ ತಂದಿಟ್ಟು ನಾವೇ ಹಂಚಬಹುದಾ?

ಉತ್ತರ: ತಮ್ಮಾ, ಮನಸ್ಸು ಒಳ್ಳೆಯದು. ಆದರೆ ಬೇಡ.

ಡಾಕ್ಸಿಸೈಕ್ಲಿನ್ ಡಾಕ್ಟರ ಚೀಟಿ ಇಲ್ಲದೆ ಮಾರುವ ಮದ್ದಲ್ಲ. ಕಾನೂನು ಹಾಗಿರಲಿ, ಅದನ್ನು ಎಲ್ಲರಿಗೂ ಒಂದೇ ಸಮ ಕೊಡಲಿಕ್ಕೂ ಆಗುವುದಿಲ್ಲ. ಗರ್ಭಿಣಿಯರಿಗೆ ಕೊಡುವುದಿಲ್ಲ. 8 ವರ್ಷದೊಳಗಿನ ಮಕ್ಕಳಿಗೂ ಸಾಮಾನ್ಯವಾಗಿ ಕೊಡುವುದಿಲ್ಲ. ಇವರಿಗೆ ಬೇರೆ ಮದ್ದು ಇದೆ, ಅದನ್ನು ಡಾಕ್ಟರ್ ತೀರ್ಮಾನಿಸುತ್ತಾರೆ. ರಕ್ತ ತೆಳುವಾಗಲು ವಾರ್ಫರಿನ್ ನುಂಗುವವರು ಇದನ್ನೂ ನುಂಗಿದರೆ ರಕ್ತಸ್ರಾವದ ಅಪಾಯ ಜಾಸ್ತಿ. ಕಬ್ಬಿಣದ ಮಾತ್ರೆ, ಗ್ಯಾಸಿನ ಮದ್ದು ಜೊತೆಗೆ ತೆಗೆದುಕೊಂಡರೆ ಮೈಗೆ ಸರಿಯಾಗಿ ಹಿಡಿಯುವುದೇ ಇಲ್ಲ.

ಕೆಸರಲ್ಲಿ ಇಳಿದು ಕೆಲಸ ಮಾಡುವವರಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ ವಾರಕ್ಕೊಮ್ಮೆ 200 ಮಿಲಿಗ್ರಾಂ, ಅಂದರೆ 100ರ ಎರಡು ಮಾತ್ರೆ. ಊಟ ಮಾಡಿ ಒಂದು ದೊಡ್ಡ ಲೋಟ ನೀರಿನೊಂದಿಗೆ ನುಂಗಬೇಕು. ನುಂಗಿ ಅರ್ಧ ಗಂಟೆಯಾದರೂ ಮಲಗಬಾರದು. ಇದನ್ನು ನಾನು ಒತ್ತಿ ಹೇಳಲು ಕಾರಣ ಉಂಟು. ಒಂದು ಗುಟುಕು ನೀರು ಕುಡಿದು ಚಾಪೆ ಹಾಸಿದರೆ ಮಾತ್ರೆ ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡುತ್ತದೆ. ನೇಜಿ ನೆಟ್ಟು ಸುಸ್ತಾಗಿ ಬಂದ ಹೆಂಗಸರು ಮಾಡುವುದು ಇದನ್ನೇ ಅಲ್ವಾ?

ಮತ್ತೆ, ಮಾತ್ರೆ ನುಂಗಿದೆ ಎಂದು ಬರಿಗಾಲಲ್ಲಿ ತೋಡಿಗೆ ಇಳಿಯಬೇಡಿ. ಅದು ಅಪಾಯ ಕಡಿಮೆ ಮಾಡುತ್ತದೆ ಅಷ್ಟೆ. ಜ್ವರ, ಮೀನಖಂಡದಲ್ಲಿ ಮುಟ್ಟಲಾಗದಷ್ಟು ನೋವು, ಕೆಂಪು ಕಣ್ಣು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕೆಸರಿಗೆ ಇಳಿದಿದ್ದೆ ಎಂದು ನೀವಾಗಿಯೇ ಹೇಳಿ. ಡಾಕ್ಟರಿಗೆ ಆ ಒಂದು ಮಾತು ಸಿಕ್ಕಿದರೆ ಅರ್ಧ ಕೆಲಸ ಆದಂತೆ.

ಅದೇ ಹುಡುಗ: ಕೇರಳದಲ್ಲಿ 2018ರ ನೆರೆಗೆ ಸಾರಾಸಗಟಾಗಿ ಹಂಚಿದರಲ್ಲ ಅಕ್ಕ?

ಉತ್ತರ: ಹೌದು, ತುಂಬ ಜನರಿಗೆ ಕೊಟ್ಟರು. ಆದರೆ ಕೊಟ್ಟದ್ದು ಆರೋಗ್ಯ ಇಲಾಖೆಯ ಸೂಚನೆಯ ಮೇಲೆ. ಸ್ವಯಂಸೇವಕರು ಇಲಾಖೆಯ ಜೊತೆ ನಿಂತರು. ನೀವೂ ಹಾಗೆ ನಿಲ್ಲಿ. ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಬರಲಿ, ನೀವು ಕೈಕಾಲಾಗಿ. ಆ ದುಡ್ಡಲ್ಲಿ ಗಂಬೂಟು ತನ್ನಿ. ತಪ್ಪು ಮನೆಗೆ ಹೋದರೂ ಗಂಬೂಟಿನಿಂದ ಯಾರಿಗೂ ಅಲರ್ಜಿ ಆಗುವುದಿಲ್ಲ.

ಪ್ರಶ್ನೆ (ಶಾಲೆಯ ಮಾಸ್ಟ್ರು): ಮೇಡಂ, ಇಲಾಖೆಯವರು ನಮ್ಮ ಶಾಲೆಯಲ್ಲೇ ಮದ್ದು ಕೊಡುತ್ತೇವೆ ಎಂದರೆ ನಾವು ಏನು ತಯಾರಿ ಮಾಡಬೇಕು? ಹೋದ ಸಲ ಒಂದೇ ಗಲಾಟೆ.

ಉತ್ತರ: ಮಾಸ್ಟ್ರೇ, ಇದಕ್ಕೆ ಹೊಸದಾಗಿ ಏನೂ ಕಲಿಯಬೇಕಿಲ್ಲ. ನಿಮ್ಮ ಶಾಲೆ ಪ್ರತಿ ಚುನಾವಣೆಗೂ ಮತಗಟ್ಟೆ ಆಗುತ್ತದೆ. ಒಂದು ಬಾಗಿಲಿಂದ ಒಳಗೆ, ಇನ್ನೊಂದರಿಂದ ಹೊರಗೆ. ಮೊದಲ ಮೇಜಲ್ಲಿ ಹೆಸರು, ಎರಡನೆಯದರಲ್ಲಿ ಸಹಿ, ಆಮೇಲೆ ಮುಂದಿನ ಕೆಲಸ. ಮದ್ದಿಗೂ ಅದೇ ಸಾಲು. ಎರಡನೇ ಮೇಜಲ್ಲಿ ಫಾರ್ಮಸಿಸ್ಟನ್ನೋ ನರ್ಸನ್ನೋ ಕೂರಿಸಿ, ಸಹಿಯ ಬದಲು ಪ್ರಶ್ನೆ: ಮನೆಯಲ್ಲಿ ಗರ್ಭಿಣಿ ಇದ್ದಾರಾ, ಚಿಕ್ಕ ಮಕ್ಕಳು ಇದ್ದಾರಾ, ಯಾವ ಮದ್ದಿಗಾದರೂ ಅಲರ್ಜಿ ಉಂಟಾ, ದಿನಾ ನುಂಗುವ ಮಾತ್ರೆ ಏನಾದರೂ ಉಂಟಾ. ಇದರಲ್ಲಿ ಒಂದಕ್ಕಾದರೂ ಹೌದು ಎಂದವರನ್ನು ಸಾಲಿನಿಂದ ಹೊರಗೆ ಕರೆದು ಡಾಕ್ಟರ್ ಅಥವಾ ನರ್ಸ್ ಇರುವ ಪಕ್ಕದ ಕೋಣೆಗೆ ಕಳಿಸಬೇಕು. ಇಲ್ಲ ಎಂದವರು ನೇರ ಮುಂದಕ್ಕೆ. ಜ್ವರ ಇದ್ದವರನ್ನು ಮಾತ್ರ ಗೇಟಲ್ಲೇ ಬೇರೆ ಮಾಡಿ, ಒಳಗಿನ ಸಾಲಿಗೆ ಬಿಡಲೇಬೇಡಿ.

ಲೆಕ್ಕ ಹಾಕಿ ನೋಡಿ. ಒಬ್ಬರಿಗೆ 2 ನಿಮಿಷ ಅಂದರೆ ಒಂದು ಮೇಜಿಗೆ ಗಂಟೆಗೆ 30 ಜನ. 8 ಗಂಟೆಗೆ 240. ವಾರ್ಡಿನಲ್ಲಿ 1,000 ಮನೆ ಇದ್ದು ಮನೆಗೆ ನಾಲ್ವರು ಬಂದರೆ ಒಂದೇ ಮೇಜಿಗೆ ಸುಮಾರು 17 ದಿನ ಬೇಕು. ಮನೆಗೊಬ್ಬರು ಬಂದು ಎಲ್ಲರದ್ದೂ ಒಯ್ದರೆ ನಾಲ್ಕು ಮೇಜಲ್ಲಿ ಒಂದು ದಿನಕ್ಕೆ ಹೆಚ್ಚುಕಮ್ಮಿ ಮುಗಿಯುತ್ತದೆ. ಆದರೆ ಮನೆಗೊಬ್ಬರು ಬರುವುದಾದರೆ ಆ ಒಬ್ಬರ ಕೈಯಲ್ಲಿ ಮನೆಯ ಎಲ್ಲರ ಹೆಸರು, ವಯಸ್ಸು, ತೂಕ, ದಿನಾ ತೆಗೆದುಕೊಳ್ಳುವ ಮದ್ದು ಬರೆದ ಚೀಟಿ ಇರಲೇಬೇಕು. "ಮಗುವಿಗೆ ಎಷ್ಟು ತೂಕ?" ಎಂದು ಕೇಳಿದರೆ ಗಂಡಸರು ಆಕಾಶ ನೋಡುತ್ತಾರೆ. ಹೆಂಡತಿಗೆ ಫೋನ್ ಮಾಡುತ್ತಾರೆ. ನೆರೆಯಲ್ಲಿ ನೆಟ್‌ವರ್ಕ್ ಇರುವುದಿಲ್ಲ.

ಆ ಚೀಟಿ ಈಗಲೇ ಬರೆಯಿಸಿ. ನನ್ನ ಕೇಳಿದರೆ ತಯಾರಿ ಅಂದರೆ ಮುಕ್ಕಾಲು ಪಾಲು ಇದೇ.

ಇನ್ನೊಂದು. ಕಣ್ಣಾರೆ ಕಂಡದ್ದು ಹೇಳುತ್ತೇನೆ. ಒಂದು ನೆರೆ ಶಿಬಿರದಲ್ಲಿ ಮೂರನೇ ಮೇಜಲ್ಲಿ ಒಬ್ಬ ಹುಡುಗ ಕತ್ತರಿ ಹಿಡಿದು ಕೂತಿದ್ದ. ಹತ್ತರ ಪಟ್ಟಿಯನ್ನು ಎರಡೆರಡಾಗಿ ಕತ್ತರಿಸಿ ಪೇಪರಿನ ಪೊಟ್ಟಣ ಕಟ್ಟುತ್ತಿದ್ದ. ಎಂಥ ಚುರುಕು ಕೈ! ಮರುದಿನ ಒಬ್ಬರು ಅಜ್ಜಿ ನನ್ನ ಅಂಗಡಿಗೆ ಬಂದು ಸೆರಗಿನ ಗಂಟು ಬಿಚ್ಚಿ ಮೂರು ತುಂಡು ಮುಂದಿಟ್ಟರು. ಒಂದು ತುಂಡಿನ ಹಿಂದೆ ಬರೀ "ಐಪಿ 100" ಎಂದು ಉಳಿದಿತ್ತು. ಇನ್ನೊಂದರಲ್ಲಿ ಅದೂ ಇಲ್ಲ. ಹೆಸರು, ಬ್ಯಾಚ್, ಎಕ್ಸ್‌ಪೈರಿ ಡೇಟ್ ಎಲ್ಲ ಶಿಬಿರದ ಕಸದ ಬುಟ್ಟಿಯಲ್ಲಿ. "ಯಾವುದು ಬಿಪಿಯದ್ದು, ಯಾವುದು ಇಲಿಯದ್ದು ಬಾಯಮ್ಮ?" ಎಂದು ಅವರು ಕೇಳಿದರು. ನಾನು 19 ವರ್ಷ ಮಾತ್ರೆ ನೋಡಿದವಳು. ನನಗೂ ಹೇಳಲಾಗಲಿಲ್ಲ. ಕತ್ತರಿಸಲೇಬೇಕಾದರೆ ಕವರಿನ ಮೇಲೆ ಹೆಸರು, ಪ್ರಮಾಣ, ಯಾರಿಗೆ, ಯಾವಾಗ, ಎಕ್ಸ್‌ಪೈರಿ ಡೇಟ್ ಬರೆಯಿರಿ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಒದ್ದೆಯಾದರೆ ಶಾಯಿ ಹರಡುತ್ತದೆ, ಬಾಲ್ ಪೆನ್ನೇ ಆಗಲಿ.

ಪ್ರಶ್ನೆ (ಮಣಿಪಾಲದಿಂದ ಒಬ್ಬರು): ನನ್ನ ಅಳಿಯ ಅಮೆರಿಕದಲ್ಲಿದ್ದಾನೆ. ಅಲ್ಲಿ ಇಡೀ ಊರಿಗೆ 48 ಗಂಟೆಯೊಳಗೆ ಮದ್ದು ಹಂಚುವ ಪ್ಲಾನ್ ಇದೆಯಂತೆ. ನಮ್ಮಲ್ಲಿ ಇದೆಲ್ಲ ಆಗುವ ಮಾತಾ?

ಉತ್ತರ: ಅಳಿಯ ಹೇಳಿದ್ದು ಸರಿ. 2001ರಲ್ಲಿ ಅಲ್ಲಿ ಯಾರೋ ಅಂಚೆ ಲಕೋಟೆಯಲ್ಲಿ ಆಂಥ್ರಾಕ್ಸ್ ಪುಡಿ ಕಳಿಸಿದರು. 22 ಜನರಿಗೆ ಕಾಯಿಲೆ ಬಂತು, 5 ಜನ ಸತ್ತರು. ಅದಾದ ಮೇಲೆ ದೊಡ್ಡ ಊರುಗಳಿಗೆ ಆ 48 ಗಂಟೆಯ ಗುರಿ ಇಟ್ಟರು. ಮನೆಗೊಬ್ಬರು ಬಂದು ಎಲ್ಲರದ್ದೂ ಒಯ್ಯುವ ಪದ್ಧತಿ ಅಲ್ಲೂ ಉಂಟು.

ನನಗೆ ಅದರಲ್ಲಿ ಕುತೂಹಲ ಹುಟ್ಟಿಸಿದ್ದು ಬೇರೆ ವಿಷಯ. ಆಗ ಸುಮಾರು 10,000 ಜನರಿಗೆ 60 ದಿನ ಮಾತ್ರೆ ನುಂಗಲು ಹೇಳಿದ್ದರು. ಹೇಳಿದ ಹಾಗೆ ನುಂಗಿದವರು ಅರ್ಧಕ್ಕಿಂತ ಕಡಿಮೆ. ಪ್ರಾಣಭಯ ಇದ್ದಾಗಲೇ ಹೀಗೆ! ನಮ್ಮಲ್ಲಿ ಆನೆಕಾಲು ರೋಗದ ಮಾತ್ರೆಯನ್ನು ಮನೆಗೆ ತಂದು ಎದುರೇ ನುಂಗಿಸುತ್ತಿದ್ದರು, ನೆನಪುಂಟಾ? ಅದಕ್ಕೆ ಕಾರಣ ಇದೇ. "ಅಲ್ಲಿಡಿ, ಊಟ ಆದ ಮೇಲೆ ತಿನ್ನುತ್ತೇನೆ" ಎಂದ ಮನೆಗಳಲ್ಲಿ ಮಾತ್ರೆ ಕಿಟಕಿಯಲ್ಲೇ ಧೂಳು ತಿಂದಿತು.

ಮತ್ತೆ ನಮಗೆ ಅಭ್ಯಾಸ ಇಲ್ಲ ಎನ್ನಬೇಡಿ. ಪಲ್ಸ್ ಪೋಲಿಯೋ ನೋಡಿ. ಬೂತು, ಮಗುವಿನ ಕಿರುಬೆರಳಿಗೆ ಶಾಯಿ, ಆಮೇಲೆ ತಪ್ಪಿದ ಮಕ್ಕಳನ್ನು ಹುಡುಕಿ ಮನೆಮನೆ ಭೇಟಿ, ಗೋಡೆಯ ಮೇಲೆ ಸೀಮೆಸುಣ್ಣದ ಗುರುತು. ಈ ಗೋಡೆ ಗುರುತಿನ ವಿಷಯದಲ್ಲಿ ನಮ್ಮ ಆಶಾ ಅಕ್ಕಂದಿರಿಂದ ಯಾರೂ ಕಲಿಯಬಹುದು.

ಒಬ್ಬರು ಹಿರಿಯರ ಮಾತು: ಇಷ್ಟೆಲ್ಲ ಯಾಕೆ ಮಗಳೇ? ಆಟಿ ಅಮಾವಾಸ್ಯೆಗೆ ಇಡೀ ಊರು ಒಂದೇ ಬೆಳಿಗ್ಗೆ ಪಾಲೆ ಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯ ಕುಡಿಯುತ್ತದೆ. ಯಾವ ಇಲಾಖೆ ಬಂದಿತ್ತು?

ಉತ್ತರ: ಅಜ್ಜ, ನಿಮ್ಮ ಮಾತು ಕೇಳಿ ನಗು ಬಂತು. ಆದರೆ ಸುಮ್ನೆ ತಳ್ಳಿಹಾಕುವ ಮಾತಲ್ಲ. ಬೆಳಕು ಹರಿಯುವ ಮೊದಲು ಒಬ್ಬರು ಹೋಗಿ ಕಲ್ಲಿನಿಂದ ಜಜ್ಜಿ ಕೆತ್ತೆ ತರುತ್ತಾರೆ. ನಾಲ್ಕು ಮನೆಗೆ ಹಂಚುತ್ತಾರೆ. ಬರಿಹೊಟ್ಟೆಗೆ ಇಷ್ಟೇ ಎಂದು ಅಳತೆ, ಮೇಲಿಂದ ಮೆಂತೆ ಗಂಜಿ. ಪ್ರಮಾಣ, ಹೊತ್ತು, ಪಥ್ಯ ಎಲ್ಲ ಉಂಟು.

ಆದರೆ ಒಂದು ಪ್ರಶ್ನೆ. ಕೆತ್ತೆ ತರಲು ಯಾರನ್ನು ಕಳಿಸುತ್ತೀರಿ? ಮರದ ಗುರುತು ಇದ್ದವರನ್ನೇ ಅಲ್ವಾ? ಗುರುತು ತಪ್ಪಿ ಕಾಸರಕದ ಕೆತ್ತೆ ಬಂದರೆ ಜೀವಕ್ಕೇ ಕುತ್ತು. ನಾನು ಎರಡನೇ ಮೇಜಲ್ಲಿ ಫಾರ್ಮಸಿಸ್ಟನ್ನೋ ನರ್ಸನ್ನೋ ಕೂರಿಸಿ ಎನ್ನುವುದು ಅದಕ್ಕೇ.

ಪ್ರಶ್ನೆ (ಗುಂಡಿಬೈಲಿನಿಂದ): ಅಮ್ಮನಿಗೆ ಇನ್ಸುಲಿನ್. ಮರ ಬಿದ್ದರೆ ಎರಡು ದಿನ ಕರೆಂಟ್ ಇಲ್ಲ. ಹಾಳಾಗುತ್ತದಾ?

ಉತ್ತರ: ಈಗ ಬಳಸುತ್ತಿರುವ ಬಾಟಲಿ ಅಥವಾ ಪೆನ್ನು ಹೊರಗಿದ್ದರೂ ಸಾಮಾನ್ಯವಾಗಿ 4 ವಾರ ಆಗುತ್ತದೆ. ಬಿಸಿಲು, ಒಲೆಯ ಕಾವು ತಾಗಬಾರದು ಅಷ್ಟೆ. ಕೆಲವು ಬ್ರ್ಯಾಂಡಿನಲ್ಲಿ ದಿನ ಬೇರೆ ಇರುತ್ತದೆ, ಪೆಟ್ಟಿಗೆಯ ಒಳಗಿನ ಕಾಗದ ನೋಡಿ. ತೆರೆಯದ್ದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ನೀರು ಚಿಮುಕಿಸಿದ ಮಣ್ಣಿನ ಮಡಕೆಯಲ್ಲಿ ಇಡಿ. ಮಂಜುಗಡ್ಡೆಗೆ ತಾಗಿಸಬೇಡಿ. ಹೆಪ್ಪುಗಟ್ಟಿದರೆ ಎಸೆಯುವುದೇ. ಜೂನ್ ಮೊದಲ ವಾರದಲ್ಲೇ ಎರಡು ವಾರಕ್ಕೆ ಬೇಕಾದಷ್ಟು ಹೆಚ್ಚು ತಂದಿಡಿ. ಬಿಪಿ, ಥೈರಾಯ್ಡ್, ಫಿಟ್ಸ್ ಮಾತ್ರೆಯವರೂ ಅಷ್ಟೆ. ನೆರೆಯಲ್ಲಿ ನನ್ನ ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಇಲಿಜ್ವರದವರಲ್ಲ, ದಿನದ ಮಾತ್ರೆ ನೀರಲ್ಲಿ ಹೋದವರು. ಡಾಕ್ಟರ ಚೀಟಿಯ ಫೋಟೋ ಮೊಬೈಲಲ್ಲಿ ಇರಲಿ. ಮನೆಯಿಂದ ಹೊರಗೆ ಬರಲಿಕ್ಕೇ ಆಗದಿದ್ದರೆ ಜಿಲ್ಲೆಯ ಕಂಟ್ರೋಲ್ ರೂಮ್ 1077ಕ್ಕೆ ಮಾಡಿ, ತುರ್ತಾದರೆ 108.

ಪ್ರಶ್ನೆ: ಬಾವಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು?

ಉತ್ತರ: ಹೊಸ ಪೌಡರ್ ಆದರೆ 1,000 ಲೀಟರಿಗೆ 2.5 ಗ್ರಾಂ. ಬಾವಿಯ ಅಗಲ 2 ಮೀಟರ್, ನೀರು 3 ಮೀಟರ್ ಇದ್ದರೆ ಸುಮಾರು 9,400 ಲೀಟರ್ ಆಯಿತು. 24 ಗ್ರಾಂ ಸಾಕು. ಬಕೆಟಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬಿಡಿ. ರಾತ್ರಿ ಹಾಕಿ ಬೆಳಿಗ್ಗೆ ಬಳಸಿ. ಬಾಯಿ ತೆರೆದಿಟ್ಟ ಹಳೇ ಚೀಲದ ಪೌಡರಿನಲ್ಲಿ ಶಕ್ತಿ ಇರುವುದಿಲ್ಲ. ಬಾವಿಗೆ ನೆರೆ ನೀರೇ ನುಗ್ಗಿದ್ದರೆ ಈ ಲೆಕ್ಕ ಬಿಡಿ, ಆರೋಗ್ಯ ಇಲಾಖೆಯವರಿಗೆ ಹೇಳಿ. ಹೇಗಿದ್ದರೂ ಕುದಿಸಿಯೇ ಕುಡಿಯಿರಿ.

ಪ್ರಶ್ನೆ: ಮುಂಜಾಗ್ರತೆಗೆ ಎಲ್ಲ ಮಾತ್ರೆ ಸ್ವಲ್ಪ ಸ್ವಲ್ಪ ಮನೆಯಲ್ಲೇ ಇಟ್ಟುಕೊಂಡರೆ ಆಗದಾ?

ಉತ್ತರ: ಓಆರ್‌ಎಸ್ ಇಡಿ, ಪ್ಯಾರಾಸಿಟಮಾಲ್ ಇಡಿ, ನಿಮ್ಮ ದಿನದ ಮಾತ್ರೆ ಇಡಿ. ಆಂಟಿಬಯಾಟಿಕ್ ಬೇಡ. 2020ರ ಮಾರ್ಚಲ್ಲಿ ಕೊರೊನಾಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ಒಳ್ಳೆಯದಂತೆ ಎಂದು ಸುದ್ದಿ ಹಬ್ಬಿತಲ್ಲ, ಆಗ ಎರಡೇ ದಿನದಲ್ಲಿ ನನ್ನ ಕಪಾಟು ಖಾಲಿ. ಮೂರನೇ ದಿನ ಸಂಧಿವಾತಕ್ಕೆ ವರ್ಷಗಳಿಂದ ಅದೇ ಮಾತ್ರೆ ನುಂಗುವ ಒಬ್ಬರು ಬಂದರು. ಬೆರಳು ಮಡಚಲು ಆಗದೆ ಚೀಟಿಯನ್ನು ಎರಡು ಅಂಗೈ ನಡುವೆ ಹಿಡಿದುಕೊಂಡಿದ್ದರು. ಹಾಗೇ ವಾಪಸ್ ಹೋದರು. ಕೊಂಡುಹೋದವರಲ್ಲಿ ಯಾರಿಗೂ ಅದು ಬೇಕಾಗಿರಲಿಲ್ಲ.

ಮಾಸ್ಟ್ರು: ಹಾಗಾದರೆ ಮನೆಚೀಟಿ ಬರೆಯುವ ಕೆಲಸ ಈ ಭಾನುವಾರವೇ ಶುರು ಮಾಡುವನಾ? ಶಾಲೆಯ ಜಗಲಿ ಖಾಲಿ ಉಂಟು. ಆಶಾ ಅಕ್ಕನಿಗೂ ಹೇಳಿದ್ದೇನೆ.

ಉತ್ತರ: ಆಗಬಹುದು. 4 ಗಂಟೆಗೆ ಬರುತ್ತೇನೆ. ದಿನಾ ನುಂಗುವ ಮಾತ್ರೆಯ ಹೆಸರು ಗೊತ್ತಿಲ್ಲದವರು ಖಾಲಿ ಪಟ್ಟಿಯನ್ನೇ ತನ್ನಿ, "ಬಿಳಿ ಬಣ್ಣದ್ದು, ಸಣ್ಣದು" ಎಂದರೆ ಬರೆದುಕೊಳ್ಳುವುದಿಲ್ಲ. ಪೆನ್ನು ನಿಮ್ಮದೇ ಇರಲಿ ಮಾರಾಯ್ರೆ. ನನ್ನ ಅಂಗಡಿಯದ್ದೆಲ್ಲ ನಿಮ್ಮ ಮನೆಯಲ್ಲೇ ಉಂಟು.