ಹಿತ್ತಲಮನೆ ಬಳಗ: ಕಾಫಿ ಜಗಳ

ಹೆಸರೆಲ್ಲ ನನ್ನ ಫೋನಲ್ಲಿ ಸೇವ್ ಆಗಿರೋ ಹಾಗೇ ಇವೆ. ಭಾನುವಾರ ಬೆಳಗ್ಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಲ್ಲಿ ನಡೆದದ್ದು. ಮೋಕಾ ಪಾಟ್ ಅಂದ್ರೆ ಒಲೆ ಮೇಲಿಟ್ಟು ಹಬೆಯ ಒತ್ತಡದಲ್ಲಿ ಕಾಫಿ ಇಳಿಸೋ ಪಾತ್ರೆ.

ರಘು: [ಹಲವು ಬಾರಿ ಫಾರ್ವರ್ಡ್ ಆಗಿದೆ] ಟ್ರೆಕ್ಕಿಂಗ್ ಪ್ರಿಯರೇ!! ಮೋಕಾ ಪಾಟಿನ ಹಿಡಿ ಬಿಚ್ಚಿ, ಪಕ್ಕದ ವಾಲ್ವ್ ತೆಗೆದು ಬೋಲ್ಟ್ ಬಿಗಿಯಿರಿ. ಪ್ರೆಶರ್ ಡಬಲ್! ಕಾಡಲ್ಲೇ ಅಸಲಿ ಎಸ್ಪ್ರೆಸ್ಸೊ. ಇಟಲಿ ಸೈನಿಕರ ಗುಟ್ಟು. ಎಲ್ಲರಿಗೂ ಕಳಿಸಿ 🙏

ರಘು: ಕುದುರೆಮುಖಕ್ಕೆ ಇದೇ ಒಯ್ಯೋದು 😎

ಶ್ರೀಧರಣ್ಣ: ಯಾವ ಸೈನಿಕರು? ಎಲ್ಲಿಂದ ಬಂತು ಇದು?

ರಘು: ಬಂದಿದ್ದನ್ನ ಕಳಿಸ್ದೆ ಅಣ್ಣ

ಶ್ರೀಧರಣ್ಣ: ಇಟಲಿಯ ಬಿಯಾಲೆಟ್ಟಿ ಅನ್ನೋನು ಮೋಕಾ ಪಾಟನ್ನ 1933ರಲ್ಲಿ ತಂದಿದ್ದು ಮನೆ ಒಲೆಗೆ. ಒಳಗಿನ ಕಾಫಿಪುಡಿ ಜರಡಿ ಕಟ್ಕೊಂಡ್ರೆ ಹಬೆಗೆ ಆ ವಾಲ್ವ್ ಒಂದೇ ದಾರಿ. ಮೋಕಾದಲ್ಲಿ ಒಂದೆರಡು ಬಾರ್ ಒತ್ತಡ, ಎಸ್ಪ್ರೆಸ್ಸೊ ಮಷೀನಲ್ಲಿ 9. ಬೋಲ್ಟ್ ಹಾಕಿದ್ರೆ ಎಸ್ಪ್ರೆಸ್ಸೊ ಬರಲ್ಲ, ಬಾಂಬ್ ಆಗುತ್ತೆ. ಹಿಡಿ ಬೇಕಾದ್ರೆ ಬಿಚ್ಚು, ಪ್ಲಾಸ್ಟಿಕ್ಕು, ಬೆಂಕಿಗೆ ಕರಗುತ್ತೆ. ಒಂದು ಇಕ್ಕಳ ಇಟ್ಕೋ. ಅಂದಹಾಗೆ ಅಲ್ಲಿ ನ್ಯಾಷನಲ್ ಪಾರ್ಕ್ ಒಳಗೆ ಟೆಂಟ್ ಹಾಕೋಕೇ ಬಿಡಲ್ಲ.

ಕೊಪ್ಪದ ದೊಡ್ಡಪ್ಪ: ಶುಭೋದಯ. ಈಗಿನವರಿಗೆ ಬೆಟ್ಟ ಹತ್ತಿದರೂ ನಾಲಿಗೆ ಚಪಲ ಬಿಡದು. ನಾವು ಬೆಲ್ಲ ನೀರು ಕುಡಿದು ಹತ್ತಿದವರು.

ಸುಮತ್ತೆ: ಅಣ್ಣ, ನೀನು ಹೋಗಿದ್ದು ಜೀಪಲ್ಲಿ

ಪುಟ್ಟಿ ಡಾಲಸ್: ಅಯ್ಯೋ ಅಜ್ಜಿ ಕಾಫಿ ಬೀಜ ಹುರೀತಿದ್ದ ವಾಸನೆ ನೆನಪಾಯ್ತು 😭 ಚಟಪಟ ಅಂದ ಕೂಡ್ಲೇ ಮೊರಕ್ಕೆ ಸುರಿದು ನನ್ನ ಕೈಗೆ ಬೀಸಣಿಗೆ ಕೊಡ್ತಿದ್ರು. ಆ ಹಿತ್ತಾಳೆ ಫಿಲ್ಟರ್ ಈಗ ಎಲ್ಲಿದೆ?

ಸುಮತ್ತೆ: ಹೌದು, ಎಲ್ಲಿದೆ?

ಕೊಪ್ಪದ ದೊಡ್ಡಪ್ಪ: ಮನೆ ಸಾಮಾನು ಮನೇಲಿದೆ.

ಸುಮತ್ತೆ: ಯಾರ ಮನೇಲಿ ಅಂತ ಕೇಳಿದ್ದು. ಅಮ್ಮ ಅದು ನಂಗೆ ಅಂದಿದ್ಲು

ಕೊಪ್ಪದ ದೊಡ್ಡಪ್ಪ: ಇಂಥದ್ದೆಲ್ಲ ಗುಂಪಲ್ಲಿ ಬೇಡ.

ರಘು: ಅಪ್ಪಾ, ಅದನ್ನೇ ಬೆಟ್ಟಕ್ಕೆ ಒಯ್ಲಾ? ವಾಲ್ವ್ ತಾಪತ್ರಯನೇ ಇಲ್ಲ

ಸುಮತ್ತೆ: ನೋಡಿ! ನಮ್ಮ ಟೆಂಟ್ ಒಯ್ದು ಬೂಷ್ಟು ಹಿಡಿಸಿ ತಂದುಕೊಟ್ಟ ಹುಡುಗ!

ರಘು: ಮಳೆ ಬಂದಿದ್ದು ನನ್ನ ತಪ್ಪಾ ಅತ್ತೆ

ಶ್ರೀಧರಣ್ಣ: ಫಾರ್ವರ್ಡಿನ ಫೋಟೋ ಜೂಮ್ ಮಾಡಿ ನೋಡಿ. ವಾಲ್ವ್ ಹಾಗೇ ಇದೆ. ಬೋಲ್ಟೇ ಇಲ್ಲ.

(ಎಲ್ಲರಿಗೂ ನೀಲಿ ಟಿಕ್ ಬಿತ್ತು. ಒಬ್ಬರೂ ಮಾತಾಡಲಿಲ್ಲ. ನಾನೂ.)

ಪುಟ್ಟಿ ಡಾಲಸ್: ಅತ್ತೆ, ಅಜ್ಜಿಯ ಮೊರ ಇದ್ರೆ ನಂಗೆ ❤️

ಕೊಪ್ಪದ ದೊಡ್ಡಪ್ಪ: ಸುಮಾ, ಅಮ್ಮನ ತಿಥಿಗೆ ಬಂದಾಗ ಫಿಲ್ಟರ್ ತಗೊಂಡು ಹೋಗು ಮಾರಾಯ್ತಿ. ಪುಡಿ ಒತ್ತೋ ತೂತಿನ ಬಿಲ್ಲೆ ಒಂದು ಕಾಣ್ತಿಲ್ಲ, ಅಷ್ಟೆ.

ಸುಮತ್ತೆ: ಬಿಲ್ಲೆ ನನ್ನ ಹತ್ರ ಇದೆ